ಅರಮನೆ ದೀಪಕ್ಕೆ ಸೈಕಲ್ ಸವಾರಿ: ಊರು ಒಂದು ಗಂಟೆ ದಾರಿ ಬಿಟ್ಟೀತೆ?

ಮೈಸೂರಲ್ಲಿ ದಸರೆ ಬಂತೆಂದರೆ ಸಂಜೆ ಏಳರ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಪಂಚಾಯಿತಿ. ‘ಲೈಟಿಂಗ್ಸ್ ನೋಡೋಕೆ ಹೋಗೋಣ’ ಎಂದು ಮಕ್ಕಳ ಹಟ. ‘ಹೋಗೋದೇನೋ ಸರಿ, ಗಾಡಿ ಎಲ್ಲಿ ನಿಲ್ಲಿಸೋದು?’ ಎಂದು ಅಪ್ಪನ ಚಿಂತೆ. ‘ನೀವು ಹೋಗ್ಬನ್ನಿ, ನನ್ನ ಮಂಡಿ ಕೇಳಲ್ಲ’ ಎಂದು ಅಜ್ಜಿ ಮೊದಲೇ ಕೈ ತೊಳೆದುಕೊಳ್ಳುತ್ತಾರೆ. ಕೊನೆಗೆ ಎಲ್ಲರೂ ಕಾರಿಗೆ ತುಂಬಿಕೊಂಡು ಹೊರಟರೆ ರಾಮಸ್ವಾಮಿ ವೃತ್ತ ದಾಟುವುದರೊಳಗೆ ಕಾರು ಆಮೆ. ಚಾಮರಾಜ ಜೋಡಿ ರಸ್ತೆಗೆ ಬಂದರೆ ಆಮೆಯೂ ಅಲ್ಲ, ಕಲ್ಲು. ಒಂದೂವರೆ ಗಂಟೆ ಹೀಗೆ ಕೂತು ಮನೆಗೆ ಮರಳಿದವರು ಅರಮನೆಯ ದೀಪಕ್ಕಿಂತ ಮುಂದಿನ ಕಾರಿನ ಹಿಂಬದಿಯ ಕೆಂಪು ದೀಪವನ್ನೇ ಹೆಚ್ಚು ನೋಡಿರುತ್ತಾರೆ.

ಅದೇ ರಸ್ತೆಯ ಅಂಚಿನಲ್ಲಿ, ಅದೇ ಹೊತ್ತಿನಲ್ಲಿ, ಹತ್ತು ಹನ್ನೆರಡು ಸೈಕಲ್ಲುಗಳ ಒಂದು ಸಾಲು ಟ್ರಿಣ್ ಟ್ರಿಣ್ ಎಂದು ಹಾದುಹೋಗುತ್ತದೆ. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಚಕ್ರದ ಕಡ್ಡಿಗಳಿಗೆ ಬಣ್ಣದ ಸೀರಿಯಲ್ ಸೆಟ್ಟು. ಕಾರಿನ ಕಿಟಕಿಯಿಂದ ಮಕ್ಕಳು ಕೈ ಬೀಸುತ್ತಾರೆ. ಅಪ್ಪ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ, ‘ನಮ್ಮ ಕಾಲದಲ್ಲಿ ನಾವೂ ಹೀಗೇ ಬರ್ತಿದ್ವಿ ಕಣ್ರೋ’ ಎಂದು ನಿಟ್ಟುಸಿರು ಬಿಡುತ್ತಾರೆ.

ಆ ಮಾತು ಸುಳ್ಳಲ್ಲ. ದಸರೆಯ ದೀಪಕ್ಕೂ ಸೈಕಲ್ಲಿಗೂ ಈ ಊರಲ್ಲಿ ಹಳೆಯ ನಂಟು. ನಡುವೆ ಕೆಲವು ದಶಕ ಆ ನಂಟು ಸಡಿಲವಾಗಿತ್ತು. ಈಗ ಮತ್ತೆ ಕೂಡಿಕೊಳ್ಳುತ್ತಿದೆ. ಆದರೆ ಕೂಡಿಕೊಳ್ಳಲು ರಸ್ತೆಯಲ್ಲಿ ಜಾಗ ಬೇಕಲ್ಲ? ತಕರಾರು ಇರುವುದೇ ಅಲ್ಲಿ.

ನಾಲ್ಕಾಣೆಯ ಬಾಡಿಗೆ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಬಡಾವಣೆಗೊಂದಾದರೂ ಬಾಡಿಗೆ ಸೈಕಲ್ ಷಾಪು ಇತ್ತು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಗೋಡೆಗೊಂದು ಸ್ಲೇಟು, ಸ್ಲೇಟಿನ ಮೇಲೆ ಹೆಸರು ಮತ್ತು ಹೊತ್ತು. ಗಂಟೆಗೆ ನಾಲ್ಕಾಣೆಯೋ ಎಂಟಾಣೆಯೋ ಬಾಡಿಗೆ. ಗುರುತಿನ ಹುಡುಗನಾದರೆ ಮುಖವೇ ಜಾಮೀನು. ಗುರುತಿಲ್ಲದಿದ್ದರೆ ಕೈಗಡಿಯಾರ ಬಿಚ್ಚಿಡಬೇಕು. ‘ಏಳೂಕಾಲಿಗೆ ತಗೊಂಡಿದೀಯ, ಎಂಟೂಕಾಲಿಗೆ ಇಲ್ಲಿರಬೇಕು, ಆಮೇಲೆ ಪಂಕ್ಚರ್ ಆಯ್ತು ಅಂತ ಕಥೆ ಹೇಳಬೇಡ’ ಎಂದು ಷಾಪಿನ ಯಜಮಾನರು ಮೊದಲೇ ಗದರಿ ಕಳಿಸುತ್ತಿದ್ದರು.

ದಸರೆಯಲ್ಲಂತೂ ಈ ಷಾಪುಗಳಿಗೆ ಸುಗ್ಗಿ. ದೀಪ ನೋಡಲು, ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ, ಕುಸ್ತಿಗೆ, ಅಲ್ಲಿಂದ ಸೆಕೆಂಡ್ ಷೋ ಸಿನಿಮಾಕ್ಕೆ ಎಲ್ಲಕ್ಕೂ ಸೈಕಲ್ಲೇ. ಮೂವರಿಗೆ ಒಂದು ಸೈಕಲ್: ಮುಂದಿನ ಬಾರಿನ ಮೇಲೊಬ್ಬ, ಸೀಟಿನ ಮೇಲೊಬ್ಬ, ಕ್ಯಾರಿಯರಿನ ಮೇಲೊಬ್ಬ. ವೃತ್ತದಲ್ಲಿ ಪೊಲೀಸಿನವರು ಕಂಡರೆ ಇಬ್ಬರು ಧುಮುಕಿ, ಏನೂ ಅರಿಯದ ಸಂಭಾವಿತರಂತೆ ನಡೆದು, ವೃತ್ತ ದಾಟಿದ ಮೇಲೆ ಮತ್ತೆ ಹತ್ತಿಕೊಳ್ಳುವುದು. ಕಾಲು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ತುಳಿಯುತ್ತಲೇ ದೊಡ್ಡ ಗಡಿಯಾರದವರೆಗೂ ಬಂದುಬಿಡುತ್ತಿದ್ದರು.

ದೀಪವಿಲ್ಲದೆ ರಾತ್ರಿ ಸೈಕಲ್ ಹೊಡೆದು ಸಿಕ್ಕಿಬಿದ್ದರೆ ಪೊಲೀಸಿನವರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಗಾಳಿ ಹೋದ ಸೈಕಲ್ಲನ್ನು ಷಾಪಿನವರೆಗೆ ತಳ್ಳಿಕೊಂಡು ಹೋಗುವುದೇ ದಂಡ. ತಡವಾದದ್ದಕ್ಕೆ ಇನ್ನೊಂದು ಗಂಟೆಯ ಬಾಡಿಗೆ ಬೇರೆ. ಅದಕ್ಕೆಂದೇ ಡೈನಮೋ ಇದ್ದ ಸೈಕಲ್ಲಿಗೆ ಜಗಳ ಆಗುತ್ತಿತ್ತು.

ಡೈನಮೋ ನೋಡದ ಇಂದಿನ ಮಕ್ಕಳಿಗೆ ಒಂದು ಮಾತು. ಅದು ಚಕ್ರದ ಪಕ್ಕ ಕೂರುವ ಪುಟ್ಟ ಶೀಷೆಯಂಥ ಯಂತ್ರ. ಒತ್ತಿ ಟೈರಿಗೆ ತಾಗಿಸಿದರೆ ಅದರ ತಲೆ ಟೈರಿನೊಂದಿಗೆ ಗಿರಗಿರ ತಿರುಗಿ, ಒಳಗಿನ ಅಯಸ್ಕಾಂತ ಸುತ್ತಿ, ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಬ್ಯಾಟರಿಯ ಹಂಗಿಲ್ಲ. ಜೋರಾಗಿ ತುಳಿದರೆ ದೀಪ ಜೋರು, ನಿಧಾನ ಮಾಡಿದರೆ ಮಂದ, ನಿಂತರೆ ಕತ್ತಲೆ. ಡೈನಮೋ ಹಾಕಿದ ಕೂಡಲೇ ಪೆಡಲ್ ಭಾರವಾಗುತ್ತದೆ. ಬೆಳಕು ಪುಕ್ಕಟೆ ಬರುವುದಿಲ್ಲ ಎಂಬ ಪಾಠವನ್ನು ಕಾಲೇ ಕಲಿಸುತ್ತಿತ್ತು. ಕಾಸು ಕೊಟ್ಟು ಬಾಡಿಗೆಗೆ ತಂದ ಸೈಕಲ್ಲಿಗೆ ತಾನೇ ಬೆವರು ಸುರಿಸಿ ದೀಪ ಹಚ್ಚಿಕೊಂಡು, ಮಹಾರಾಜರ ಅರಮನೆಯ ದೀಪ ನೋಡಲು ಹೊರಟ ಹುಡುಗನ ಠೀವಿ ಕೇಳಬೇಕೆ?

ಬೆಲ್ಲು ಅಡಗಿದ ವರ್ಷಗಳು

ಆಮೇಲೆ ಮೊಪೆಡ್ ಬಂತು, ಸ್ಕೂಟರ್ ಬಂತು, ಬೈಕ್ ಬಂತು, ಮನೆ ಮುಂದೆ ಕಾರು ನಿಂತಿತು. ಬಾಡಿಗೆ ಷಾಪುಗಳು ಒಂದೊಂದಾಗಿ ಬಾಗಿಲು ಹಾಕಿದವು. ಸೈಕಲ್ ಎಂದರೆ ಹಾಲಿನವರ, ಪೇಪರಿನವರ, ಬಡವರ ವಾಹನ ಎಂಬ ಭಾವನೆ ಬೇರೂರಿತು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಹಳ್ಳಿಗಾಡಿನ ಹೆಣ್ಣುಮಕ್ಕಳು ಸಾಲುಸಾಲಾಗಿ ಶಾಲೆಗೆ ಹೋಗುವ ನೋಟ ಕಣ್ಣಿಗೆ ಬಿತ್ತು. ಆದರೆ ಶಾಲೆ ಮುಗಿದ ಮೇಲೆ ಆ ಸೈಕಲ್ಲುಗಳು ತಮ್ಮನ ಪಾಲಾದವು, ಇಲ್ಲವೇ ಕೊಟ್ಟಿಗೆಯ ಮೂಲೆ ಸೇರಿದವು.

2017ರ ಜೂನ್‌ನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನ ಸಾರ್ವಜನಿಕ ಸೈಕಲ್ ವ್ಯವಸ್ಥೆ ಶುರುವಾಯಿತು. ಆರಂಭದಲ್ಲಿ 450 ಸೈಕಲ್ಲುಗಳು, 48 ನಿಲ್ದಾಣಗಳು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಸ್ಲೇಟಿನ ಬದಲು ಕಾರ್ಡು ಬಂತೇ ಹೊರತು ಹಳೆಯ ಬಾಡಿಗೆ ಷಾಪಿನ ತತ್ವವೇ ಅದು. ಅರಮನೆ, ಮೃಗಾಲಯ ನೋಡಲು ಬಂದ ಪರಊರಿನವರೂ ಹಳದಿ ದೀಪದ ಕೆಳಗೆ ಪೆಡಲ್ ತುಳಿದದ್ದು ಆಗ.

2020 ಒಂದು ವಿಚಿತ್ರ ವರ್ಷ. ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಬೈಸಿಕಲ್ ದಿನ ಎಂದು 2018ರಲ್ಲಿ ಘೋಷಿಸಿತ್ತು. 2020ರ ಅದೇ ಜೂನ್ 3ರಂದು, ಒಂದು ಕಾಲದಲ್ಲಿ ಊರೂರಿನ ಸೈಕಲ್ಲಾಗಿದ್ದ ಅಟ್ಲಾಸ್ ಕಂಪನಿ ಉತ್ತರ ಪ್ರದೇಶದ ಸಾಹಿಬಾಬಾದಿನ ತನ್ನ ಕಾರ್ಖಾನೆ ನಿಲ್ಲಿಸಿತು. ಅದೇ ವರ್ಷ ಕೊರೋನಾ ಕಾಟಕ್ಕೆ ಬಸ್ಸು ನಿಂತು, ಜಿಮ್ ಮುಚ್ಚಿ, ಜನ ಮೂಲೆಯ ಸೈಕಲ್ಲಿನ ಧೂಳು ಒರೆಸಿದರು. ಹೊಸ ಸೈಕಲ್ಲಿಗೆ ಅಂಗಡಿಗಳಲ್ಲಿ ಕಾಯಬೇಕಾಯಿತು. ಖಾಲಿ ರಸ್ತೆಯಲ್ಲಿ ಒಮ್ಮೆ ಸೈಕಲ್ ತುಳಿದವರಿಗೆ ಅದರ ರುಚಿ ಹತ್ತಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಕಡೆ, ಭಾನುವಾರ ಶ್ರೀರಂಗಪಟ್ಟಣದ ಕಡೆ, ಬೆಳದಿಂಗಳಿದ್ದರೆ ರಿಂಗ್ ರಸ್ತೆಯ ಕಡೆ ಗುಂಪುಗಳು ಹೊರಡತೊಡಗಿದವು. ದಸರೆ ಬಂದರೆ ಈ ಎಲ್ಲ ಗುಂಪುಗಳ ಮುಖ ಅರಮನೆಯ ಕಡೆಗೆ.

ಕಾಲಿಗೆ ದೂರ, ಕಾರಿಗೆ ಹತ್ತಿರ

ದೀಪ ನೋಡಲು ಸೈಕಲ್ಲೇ ಯಾಕೆ? ಲೆಕ್ಕ ಸುಲಭ. ಅರಮನೆಯಿಂದ ಬನ್ನಿಮಂಟಪಕ್ಕೆ, ಅಂದರೆ ಜಂಬೂಸವಾರಿ ಸಾಗುವ ದಾರಿ, ಸುಮಾರು ಐದು ಕಿಲೋಮೀಟರು. ನಡೆದರೆ ಒಂದು ಗಂಟೆಗೂ ಮೇಲೆ. ಮಕ್ಕಳು ಅರ್ಧದಲ್ಲೇ ‘ಎತ್ಕೋ’ ಎನ್ನುತ್ತವೆ. ಸೈಕಲ್ಲಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನ ಮಂದಗತಿಯಲ್ಲಿ ಸಾಗಿದರೂ ಅರ್ಧ ಗಂಟೆ. ಇತ್ತೀಚಿನ ದಸರೆಗಳಲ್ಲಿ ದೀಪಾಲಂಕಾರ ಅರಮನೆ ಸುತ್ತಲಿಗೇ ನಿಂತಿಲ್ಲ. ನೂರು ಕಿಲೋಮೀಟರಿಗೂ ಮೀರಿದ ರಸ್ತೆಗಳಿಗೆ, ಹತ್ತಾರು ವೃತ್ತಗಳಿಗೆ ವಿದ್ಯುತ್ ನಿಗಮ ದೀಪ ಹಾಕಿಸಿದೆ. ಅಷ್ಟನ್ನೂ ನಡೆದು ನೋಡಲು ಆಗದು, ಕಾರಿನಲ್ಲಿ ಕೂತು ನೋಡಲು ಪೊಲೀಸಿನವರು ಬಿಡರು. ಮೇಲೆ ಕೂತು ನೋಡುವ ‘ಅಂಬಾರಿ’ ಬಸ್ಸಿದೆ ನಿಜ, ಆದರೆ ಊರಿನವರೆಲ್ಲ ಅದರಲ್ಲಿ ಹಿಡಿಸುತ್ತಾರೆಯೇ?

ಇನ್ನು ಲೆಕ್ಕಕ್ಕೆ ಸಿಗದ ಸಂಗತಿ ಬೇರೆ. ಕಾರಿನ ಗಾಜಿನೊಳಗೆ ದಸರೆಯ ವಾಸನೆ ಬರುವುದಿಲ್ಲ. ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ ಮಲ್ಲಿಗೆಯ ಘಮ, ನಾಲ್ಕು ಹೆಜ್ಜೆ ಮುಂದೆ ಮೆಣಸಿನಕಾಯಿ ಬಜ್ಜಿಯ ಎಣ್ಣೆ, ಅದರಾಚೆ ಚುರುಮುರಿಯವನ ಈರುಳ್ಳಿ, ಕೋಟೆ ಆಂಜನೇಯನ ಗುಡಿಯ ಕರ್ಪೂರ. ಸೈಕಲ್ ಸವಾರನ ಮೂಗಿಗೆ ಇವೆಲ್ಲ ಸಾಲಾಗಿ ಹಾಜರಿ ಹಾಕುತ್ತವೆ. ಅರಮನೆ ಅಂಗಳದ ಸಂಗೀತದ ಒಂದು ತುಣುಕು ಗೋಡೆ ದಾಟಿ ಬಂದರೆ ಕಾಲು ತಾನಾಗಿ ಪೆಡಲ್ ನಿಲ್ಲಿಸುತ್ತದೆ. ಬೇಕೆಂದ ಕಡೆ ನಿಲ್ಲಬಹುದು, ಒಂದು ಕಾಲು ನೆಲಕ್ಕೆ ಊರಿದರೆ ಅದೇ ಪಾರ್ಕಿಂಗ್.

ಸೈಕಲ್ಲಿಗೂ ಆಯುಧಪೂಜೆ

ಈ ಸವಾರಿಗೆ ಹೇಳಿ ಮಾಡಿಸಿದ ದಿನ ಆಯುಧಪೂಜೆ. ಬೆಳಗ್ಗೆಯೇ ಸೈಕಲ್ಲಿಗೆ ಅಭ್ಯಂಜನ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಕೊಳೆ ತೆಗೆದು, ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಒರೆಸಿ, ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಬ್ರೇಕು ಬಿಗಿ ಮಾಡಿ, ಗಾಳಿ ತುಂಬುತ್ತಾರೆ. ಆಮೇಲೆ ಹ್ಯಾಂಡಲ್ಲಿಗೆ ವಿಭೂತಿ, ಅರಿಸಿನ, ಕುಂಕುಮ, ಸೇವಂತಿಗೆ ಹಾರ. ಮನೆಯ ಕಾರಿಗೆ ಬೂದುಗುಂಬಳಕಾಯಿ ಒಡೆದರೆ ಸೈಕಲ್ಲಿನ ಪಾಲಿಗೆ ನಿಂಬೆಹಣ್ಣು. ಚಕ್ರ ಹತ್ತಿಸಿ ‘ಪಟ್’ ಅನ್ನಿಸಿದರೆ ಪೂಜೆ ಸಂಪೂರ್ಣ. ಹೀಗೆ ಪೂಜೆಗೆಂದು ಮಾಡಿದ ಶುಚಿಯೇ ಸೈಕಲ್ಲಿಗೆ ವರ್ಷದ ಸರ್ವಿಸ್ ಆಗಿಬಿಡುವುದೂ ಉಂಟು.

ಸಂಜೆಗೆ ಅಲಂಕಾರದ ಸ್ಪರ್ಧೆ. ಬ್ಯಾಟರಿಯ ಸೀರಿಯಲ್ ಸೆಟ್ಟನ್ನು ಚಕ್ರದ ಕಡ್ಡಿಗಳಿಗೆ ಸುತ್ತಿದರೆ ಓಡುವಾಗ ಅದು ಬೆಳಕಿನ ತಟ್ಟೆಯಾಗಿ ಕಾಣುತ್ತದೆ. ಹಳಬರು ರಟ್ಟಿನ ತುಂಡೊಂದನ್ನು ಕಡ್ಡಿಗೆ ತಾಗುವಂತೆ ಕ್ಲಿಪ್ಪು ಹಾಕಿ ಪಟಪಟ ಸದ್ದು ಮಾಡಿಸುವುದನ್ನು ಮೊಮ್ಮಕ್ಕಳಿಗೆ ಹೇಳಿಕೊಡುತ್ತಾರೆ. ಲಕ್ಷ ರೂಪಾಯಿಯ ಗೇರ್ ಸೈಕಲ್ಲು, ಶಾಲೆಯಲ್ಲಿ ಸಿಕ್ಕ ಸೈಕಲ್ಲು, ತಾತನ ಕಾಲದ ಹರ್ಕ್ಯುಲಿಸ್ಸು ಎಲ್ಲಕ್ಕೂ ಅಂದು ಅದೇ ಐದು ರೂಪಾಯಿಯ ನಿಂಬೆಹಣ್ಣು. ಜಾತ್ರೆಯಲ್ಲಿ ಎಲ್ಲರೂ ಸಮ ಎನ್ನುವಂತೆ ಈ ಸಾಲಿನಲ್ಲೂ ಮೇಲು ಕೀಳಿಲ್ಲ.

ಸರಸ್ವತಿಪುರಂನಿಂದ ಬನ್ನಿಮಂಟಪಕ್ಕೆ

ಸವಾರಿ ಹೊರಡುವ ಬಗೆ ಹೀಗೆ. ಸರಸ್ವತಿಪುರಂ, ಕುವೆಂಪುನಗರ, ಜಯನಗರದ ಕಡೆಯವರು ಒಂದು ಮರದ ಕೆಳಗೆ ಸೇರುತ್ತಾರೆ. ಹೇಳಿದ್ದು ಏಳಕ್ಕೆ, ಹೊರಡುವುದು ಏಳೂವರೆಗೆ. ಒಬ್ಬರ ಟೈರಿಗೆ ಗಾಳಿ ಸಾಲದು, ಇನ್ನೊಬ್ಬರ ಮಗನಿಗೆ ಸ್ವೆಟರ್ ಮರೆತಿದೆ. ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರುಂಟು, ಕಾಲೇಜು ಹುಡುಗರುಂಟು, ಅಮ್ಮನ ಜತೆ ಬಂದ ಹತ್ತರ ಪೋರಿಯುಂಟು, ಮದುವೆಯಾದ ಮೇಲೆ ರಾತ್ರಿ ಹೊತ್ತು ಸೈಕಲ್ ಮುಟ್ಟೇ ಇರದ ಗೃಹಿಣಿಯುಂಟು.

ರಾಮಸ್ವಾಮಿ ವೃತ್ತ ಮೊದಲ ನಿಲುಗಡೆ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿಯ ಹೊತ್ತು ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ದಿನವೂ ಇದೇ ವೃತ್ತ ಸುತ್ತಿ ಶಾಲೆಗೆ ಹೋಗುವ ಮಕ್ಕಳು ‘ರಾಮಸ್ವಾಮಿ ಅಂದ್ರೆ ಯಾರು ತಾತ?’ ಎಂದು ಕೇಳುವುದು ಇಂಥ ರಾತ್ರಿಯಲ್ಲೇ. ಕಾರಿನಲ್ಲಿ ಹಾಯುವಾಗ ಆ ಪ್ರಶ್ನೆ ಹುಟ್ಟಲು ಪುರುಸೊತ್ತು ಎಲ್ಲಿ?

ಅಲ್ಲಿಂದ ಜೋಡಿ ರಸ್ತೆ ಹಿಡಿದು ಗನ್‌ಹೌಸಿಗೆ. ಮೈಮೇಲೆ ದೀಪದ ಚಪ್ಪರ. ಮುಂದೆ ಕತ್ತೆತ್ತಿದರೆ ಚಾಮುಂಡಿ ಬೆಟ್ಟದ ಮೈಮೇಲೆ ‘ಸುಸ್ವಾಗತ’ದ ದೀಪಾಕ್ಷರ. ಅರಮನೆಯ ಗೋಡೆ ಬಳಸಿ ಹಾರ್ಡಿಂಜ್ ವೃತ್ತಕ್ಕೆ ಬಂದರೆ ಬೆಳಕಿನ ಹೊಳೆ. ಜಯಚಾಮರಾಜ ಒಡೆಯರ್ ವೃತ್ತ ಎಂದು ಫಲಕವಿದ್ದರೂ ಜನರ ಬಾಯಲ್ಲಿ ಅದಿನ್ನೂ ಹಾರ್ಡಿಂಜ್ ಸರ್ಕಲ್ಲೇ.

ಇಲ್ಲಿ ಎಲ್ಲರೂ ಇಳಿಯುತ್ತಾರೆ. ಈ ದೀಪದ ಹಿಂದೆ ಒಂದು ಕಥೆಯಿದೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಲಾಗಿತ್ತು. ಬೆಂಕಿಗೆ ಸುಟ್ಟ ಅರಮನೆಯ ಜಾಗದಲ್ಲಿ ನೀರಿನಿಂದ ಹುಟ್ಟಿದ ಬೆಳಕು ಹತ್ತಿತು. ಇಂದು ಅರಮನೆಯ ಮೈಮೇಲಿರುವ ಬಲ್ಬುಗಳು ಒಂದು ಲಕ್ಷದ ಆಸುಪಾಸು. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲೂ ಅವು ಬೆಳಗುತ್ತವೆ. ದಸರೆಯಲ್ಲಿ ನಿತ್ಯ. ಡೈನಮೋದಲ್ಲೂ ಶಿವನಸಮುದ್ರದಲ್ಲೂ ಆಗುವುದು ಒಂದೇ: ಏನೋ ಒಂದು ತಿರುಗಬೇಕು, ಆಗ ಬೆಳಕು. ಅಲ್ಲಿ ಕಾವೇರಿ ತಿರುಗಿಸುತ್ತಾಳೆ, ಇಲ್ಲಿ ಕಾಲು.

ಚಾಮರಾಜ ವೃತ್ತ ದಾಟಿ, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು ಎತ್ತಿದ ದೊಡ್ಡ ಗಡಿಯಾರದ ಕೆಳಗೆ ನಿಂತು ಕನ್ನಡ ಅಂಕಿಗಳಲ್ಲಿ ಹೊತ್ತು ನೋಡಿಕೊಂಡು, ಕೆ.ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆಗೆ ಇಳಿದರೆ ಅಲ್ಲಿಂದಾಚೆ ರಾಜಮಾರ್ಗ. ವಿಜಯದಶಮಿಯಂದು 750 ಕೆ.ಜಿ.ಯ ಚಿನ್ನದ ಅಂಬಾರಿ ಹೊತ್ತ ಆನೆ ಸಾಗುವುದು ಇದೇ ದಾರಿಯಲ್ಲಿ. ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂ ಬಜಾರು, ಹೈವೇ ವೃತ್ತ, ಕೊನೆಗೆ ಪಂಜಿನ ಕವಾಯತಿನ ಬನ್ನಿಮಂಟಪ. ನಾಳೆ ಆನೆ ತುಳಿಯುವ ನೆಲವನ್ನು ಇಂದು ರಾತ್ರಿ ಮಕ್ಕಳು ಪೆಡಲ್ ತುಳಿದು ದಾಟುತ್ತಾರೆ. ‘ನಾವೇ ಫಸ್ಟು’ ಎಂಬ ಅವರ ಕೂಗಿಗೆ ಹೂವಿನವರೂ ನಗುತ್ತಾರೆ.

ಗುಂಪಿನ ಕಟ್ಟಳೆ

ಮೋಜೇನೋ ಮೋಜೇ, ಆದರೆ ಕಟ್ಟಳೆ ಇಲ್ಲದಿದ್ದರೆ ಹಬ್ಬ ಆಸ್ಪತ್ರೆಯಲ್ಲಿ ಮುಗಿದೀತು. ಪಳಗಿದ ಗುಂಪುಗಳ ನಿಯಮ ಸರಳ. ದಾರಿ ಬಲ್ಲವರೊಬ್ಬರು ಮುಂದೆ. ಪಂಪು, ಪಂಕ್ಚರ್ ಸಾಮಾನು ಇಟ್ಟುಕೊಂಡವರೊಬ್ಬರು ಕಟ್ಟಕಡೆಗೆ. ಅವರನ್ನು ದಾಟಿ ಯಾರೂ ಹಿಂದೆ ಬೀಳುವಂತಿಲ್ಲ. ಗುಂಪಿನ ವೇಗ ಅಂದರೆ ಎಲ್ಲರಿಗಿಂತ ನಿಧಾನ ಇರುವವರ ವೇಗ. ಗುಂಡಿ ಕಂಡವರು ಕೈ ತೋರಿಸಿ ಹಿಂದಿನವರಿಗೆ ಹೇಳಬೇಕು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ತಿಳಿಬಣ್ಣದ ಬಟ್ಟೆ, ಕಿವಿಗೆ ಹಾಡಿನ ವೈರು ಬೇಡ. ಚಕ್ರಕ್ಕೆ ಸುತ್ತಿದ ವೈರು ಚೈನಿಗೆ ಸಿಕ್ಕದಂತೆ ಬಿಗಿಯಾಗಿ ಕಟ್ಟಿರಬೇಕು. ಸೀರೆ, ದುಪಟ್ಟದ ಸೆರಗೂ ಅಷ್ಟೆ. ಎದುರು ದಿಕ್ಕಿನಲ್ಲಿ ನುಗ್ಗುವುದು ಕೂಡದು. ಕಾಲ್ನಡಿಗೆಯವರು ದಟ್ಟವಾಗಿರುವ ಕಡೆ ಇಳಿದು ತಳ್ಳಬೇಕು. ದೀಪಾಲಂಕಾರದ ಕೆಳಗೆ ಕಣ್ಣು ಮೇಲಿರುತ್ತದೆ, ಗುಂಡಿ ಕೆಳಗಿರುತ್ತದೆ ಎಂಬುದು ಬಿದ್ದವರೆಲ್ಲ ಬಲ್ಲ ಗಾದೆ.

ಗುಂಪಿಗೆ ಇನ್ನೊಂದು ಬಲವಿದೆ. ರಾತ್ರಿ ಒಂಟಿಯಾಗಿ ಸೈಕಲ್ ಹೊಡೆಯುವ ಹೆಣ್ಣುಮಗಳಿಗೆ ಊರು ಸಾವಿರ ಪ್ರಶ್ನೆ ಕೇಳುತ್ತದೆ. ಇಪ್ಪತ್ತು ಜನರ ನಡುವೆ ಸಾಗುವವಳನ್ನು ಯಾರೂ ಕೇಳುವುದಿಲ್ಲ. ಎಂಟನೇ ತರಗತಿಯಲ್ಲಿ ಸಿಕ್ಕ ಸೈಕಲ್ಲನ್ನು ಮೂಲೆಗಿಟ್ಟು ಹದಿನೈದು ವರ್ಷ ಕಳೆದವರು ಮತ್ತೆ ಹ್ಯಾಂಡಲ್ ಹಿಡಿಯುವುದು ಇಂಥ ಗುಂಪಿನಲ್ಲೇ. ಮೊದಲ ನೂರು ಗಜ ಅಡ್ಡಾದಿಡ್ಡಿ, ಆಮೇಲೆ ನೆಟ್ಟಗೆ. ಕಲಿತ ಸೈಕಲ್ಲು ಮರೆತು ಹೋಗುವುದಿಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಮರೆತು ಹೋಗಿರುವುದು ರಾತ್ರಿಯ ಬೀದಿ ತನ್ನದೂ ಹೌದು ಎಂಬ ಧೈರ್ಯ. ಅದು ಗುಂಪಿನಲ್ಲಿ ಮರಳಿ ಬರುತ್ತದೆ.

ಮೋಜಿಗಲ್ಲದೆ ತುಳಿಯುವವರು

ಇಷ್ಟೆಲ್ಲ ಸಂಭ್ರಮದ ನಡುವೆ, ಅದೇ ರಸ್ತೆಯಲ್ಲಿ, ಹಾರವಿಲ್ಲದ ಸೈಕಲ್ಲುಗಳೂ ಸಾಗುತ್ತವೆ. ಹೋಟೆಲಿನಲ್ಲಿ ಪಾತ್ರೆ ತೊಳೆದು ಹನ್ನೊಂದಕ್ಕೆ ಮನೆಗೆ ಹೊರಟವರು, ಎರಡನೇ ಪಾಳಿ ಮುಗಿಸಿದವರು, ಪ್ರದರ್ಶನದ ಬಳಿ ಬಲೂನು ಮಾರಿ ಉಳಿದ ಬಲೂನನ್ನು ಕ್ಯಾರಿಯರಿಗೆ ಕಟ್ಟಿಕೊಂಡವರು, ರಾತ್ರಿ ಕಾವಲಿಗೆ ಹೋಗುವವರು. ಇವರ ಸೈಕಲ್ಲಿಗೆ ಬಹುಪಾಲು ಮುಂದೆಯೂ ದೀಪವಿಲ್ಲ, ಹಿಂದೆಯೂ ಇಲ್ಲ. ಹಳೆಯ ಡೈನಮೋ ಕೆಟ್ಟು ಎಷ್ಟೋ ಕಾಲವಾಗಿದೆ. ಈಗ ಗಾಳಿ ಬಿಡುವ ಪೊಲೀಸಿನವರೂ ಇಲ್ಲ, ಎಚ್ಚರಿಸುವವರೂ ಇಲ್ಲ.

ಸೈಕಲ್ಲಿಗೆ ಬೆಳಕು ಪ್ರತಿಫಲಿಸುವ ಪಟ್ಟಿಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಅದು ಹೊಸ ಸೈಕಲ್ಲಿನ ಮಾತು. ಇಪ್ಪತ್ತು ವರ್ಷದ ಹಳೆಯ ಸೈಕಲ್ಲಿಗೆ ಕೆಂಪು ಪಟ್ಟಿ ಅಂಟಿಸುವವರು ಯಾರು? 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಸೈಕಲ್ ತುಳಿಯುತ್ತಿದ್ದವರೇ ಸಾವಿರಾರು. ಊರೆಲ್ಲ ದೀಪ ಹಚ್ಚಿಕೊಂಡ ರಾತ್ರಿಯಲ್ಲಿ, ಆ ದೀಪದ ಸಾಲು ಮುಗಿದ ತಿರುವಿನಲ್ಲಿ, ದೀಪವಿಲ್ಲದ ಒಂದು ಸೈಕಲ್ಲು ಕತ್ತಲೆಗೆ ಇಳಿಯುತ್ತದೆ ಎಂಬುದನ್ನು ಹಬ್ಬದವರು ನೆನೆಯಬೇಕು.

ಮೋಜಿನ ಸವಾರರಿಗೂ ಕೂಲಿಯ ಸವಾರರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ದುಬಾರಿ ಸೈಕಲ್ಲಿನವರು ರಸ್ತೆಗೆ ಇಳಿದ ಮೇಲೆಯೇ ಸೈಕಲ್ ಪಥದ ಮಾತು ಸಭೆಗಳಲ್ಲಿ ಕೇಳಿಬಂದದ್ದು. ಅದಕ್ಕೂ ಮೊದಲು ಇದ್ದ ಸವಾರರಿಗೆ ಅರ್ಜಿ ಬರೆಯಲು ಪುರುಸೊತ್ತಿರಲಿಲ್ಲ. ಹಾಗಾಗಿ ಹಾರ ಹಾಕಿದ ಸೈಕಲ್ಲಿಗೆ ಸಿಕ್ಕ ಜಾಗ ಹಾರವಿಲ್ಲದ ಸೈಕಲ್ಲಿಗೂ ಸಿಗಬೇಕು. ಆಯುಧಪೂಜೆಯ ಸಂಜೆ ಪ್ರತಿ ಗುಂಪೂ ಹತ್ತು ಹಿಂಬದಿ ದೀಪ, ನಾಲ್ಕು ಗಜ ಹೊಳೆಯುವ ಪಟ್ಟಿ ಕೊಂಡು ದಾರಿಯಲ್ಲಿ ಸಿಕ್ಕ ಇಂಥ ಸವಾರರ ಸೈಕಲ್ಲಿಗೆ ಅಂಟಿಸಿದರೆ ಖರ್ಚು ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಆಗದು. ಬಾಗಿನ ಕೊಡುವ ನಾಡಿಗೆ ಇದು ಹೊಸದೇನೂ ಅಲ್ಲ.

ಕೇಳುತ್ತಿರುವುದು ಒಂದು ಗಂಟೆ

ಇನ್ನು ಸರ್ಕಾರದ, ಪಾಲಿಕೆಯ, ಪೊಲೀಸ್ ಇಲಾಖೆಯ ಮುಂದಿನ ಮಾತು. ದಸರೆಯಲ್ಲಿ ಪಾರಂಪರಿಕ ಸೈಕಲ್ ಸವಾರಿ ಎಂದು ಒಂದು ಕಾರ್ಯಕ್ರಮ ನಡೆದು ಬಂದಿದೆ. ಆದರೆ ಅದು ಬೆಳಗಿನ ಹೊತ್ತಿನದು, ಕಟ್ಟಡ ನೋಡಲು ಚೆನ್ನ. ದೀಪ ನೋಡಲು ರಾತ್ರಿಯೇ ಆಗಬೇಕಲ್ಲ?

ರಸ್ತೆಯನ್ನು ಸೈಕಲ್ಲಿಗೆ ಬಿಟ್ಟುಕೊಡುವುದು ಕಂಡು ಕೇಳರಿಯದ ಸಂಗತಿಯೂ ಅಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾ 1974ರಲ್ಲಿ ಇದನ್ನು ಶುರುಮಾಡಿತು. ಅಲ್ಲಿ ಭಾನುವಾರ ಮತ್ತು ರಜಾದಿನ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆ ಮೋಟಾರಿಗೆ ಬಂದ್, ಸೈಕಲ್ಲಿಗೂ ನಡಿಗೆಗೂ ಮುಕ್ತ. ಅಷ್ಟು ದೂರ ಹೋಗುವುದೇಕೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2013ರ ಅಕ್ಟೋಬರಿನಲ್ಲೇ ಸೈಕಲ್ ದಿನ ನಡೆದಿತ್ತು. ಮೈಸೂರಿನಲ್ಲೇ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆ ಪೂರಾ ಖಾಲಿ ಮಾಡಿಸುವ ಪೊಲೀಸಿನವರು, ದಸರೆಯ ಸಂಜೆಗಳಲ್ಲಿ ಅರಮನೆ ಸುತ್ತ ಏಕಮುಖ ಸಂಚಾರ ಮಾಡುವ ಪೊಲೀಸಿನವರು ಮನಸ್ಸು ಮಾಡಿದರೆ ಆಗದ್ದೇನಿದೆ?

ಅಡ್ಡಿಗಳಿಲ್ಲ ಎಂದಲ್ಲ. ಕೆ.ಆರ್. ಆಸ್ಪತ್ರೆ ಇರುವುದು ಆ ದಾರಿಯಲ್ಲೇ, ಆಂಬುಲೆನ್ಸಿಗೆ ಕ್ಷಣವೂ ತಡೆಯಾಗಬಾರದು. ವ್ಯಾಪಾರಿಗಳಿಗೆ ಹಬ್ಬದ ಹತ್ತು ದಿನವೇ ವರ್ಷದ ದುಡಿಮೆ. ಜನಜಂಗುಳಿ ನೆರೆದ ಕೊನೆಯ ದಿನಗಳಲ್ಲಿ ಸೈಕಲ್ ಬಿಟ್ಟರೆ ನಡೆಯುವವರಿಗೇ ತೊಂದರೆ. ಈ ಮೂರೂ ಮಾತು ಸರಿಯೇ. ಅದಕ್ಕೇ ಕೇಳುವುದೂ ಅಳತೆಯದೇ: ನವರಾತ್ರಿಯ ಮೊದಲ ಮೂರು ನಾಲ್ಕು ದಿನಗಳಲ್ಲಿ, ವಾರದ ನಡುವಿನ ಒಂದು ರಾತ್ರಿ, ಒಂದೇ ಒಂದು ಗಂಟೆ. ಹಾರ್ಡಿಂಜ್ ವೃತ್ತದಿಂದ ಬನ್ನಿಮಂಟಪದವರೆಗೆ ರಸ್ತೆಯ ಒಂದು ಬದಿ ಮಾತ್ರ. ಇನ್ನೊಂದು ಬದಿ ಆಂಬುಲೆನ್ಸಿಗೂ ಬಸ್ಸಿಗೂ ಇರಲಿ. ಶಾಲೆಯ ಮಕ್ಕಳು, ಮನೆಮಂದಿ, ಪಾಳಿ ಮುಗಿಸಿ ಹೊರಟ ಕಾರ್ಮಿಕರು ಯಾರೇ ಬರಲಿ, ಸೈಕಲ್ಲೊಂದಿದ್ದರೆ ಸಾಕು. ನೋಂದಣಿ ಬೇಡ, ಟೀಷರ್ಟು ಬೇಡ, ವೇದಿಕೆ ಬೇಡ, ಉದ್ಘಾಟನೆಯ ಭಾಷಣವಂತೂ ಬೇಡವೇ ಬೇಡ.

ಇದಕ್ಕೆ ಹೊಸ ಬಲ್ಬು ಹಾಕಬೇಕಿಲ್ಲ, ಹೊಸ ರಸ್ತೆ ಮಾಡಬೇಕಿಲ್ಲ. ಎರಡೂ ಇವೆ. ವೃತ್ತಗಳಲ್ಲಿ ನಾಲ್ಕು ಬ್ಯಾರಿಕೇಡು, ಹತ್ತಿಪ್ಪತ್ತು ಪೇದೆಗಳು, ಅವತ್ತು ಬೆಳಗ್ಗೆ ಆ ಸಾಲಿನ ಗುಂಡಿ ಮುಚ್ಚಿಸಿದರೆ ಮುಗಿಯಿತು. ಗುಂಡಿ ಮುಚ್ಚಿದ್ದು ಸವಾರಿ ಮುಗಿದ ಮೇಲೂ ಊರಿಗೇ ಉಳಿಯುತ್ತದೆ.

ರಾತ್ರಿ ಹೊತ್ತಾದ ಮೇಲೆ ಅರಮನೆಯ ದೀಪ ಆರಿಸುತ್ತಾರೆ. ಲಕ್ಷ ಬಲ್ಬು ಒಂದೇ ಗಳಿಗೆಗೆ ಆರಿದಾಗ ಸೇರಿದವರೆಲ್ಲ ‘ಓ’ ಎನ್ನುತ್ತಾರೆ. ಕಣ್ಣು ಕತ್ತಲೆಗೆ ಒಗ್ಗುವುದರೊಳಗೆ ಸೈಕಲ್ಲುಗಳ ಪುಟ್ಟ ದೀಪಗಳು ಒಂದೊಂದಾಗಿ ಹೊತ್ತಿಕೊಂಡು ಮನೆಯ ದಾರಿ ಹಿಡಿಯುತ್ತವೆ. ಆ ದೀಪಗಳೆಲ್ಲ ಸುಖವಾಗಿ ಮನೆ ಸೇರಿದರೆ ಅದೇ ನಿಜವಾದ ದಸರೆ. ಸಂಬಂಧಪಟ್ಟವರು ಮುಂದಿನ ಹಬ್ಬದ ಸಭೆಯಲ್ಲಿ ಈ ಒಂದು ಗಂಟೆಯ ಮಾತೆತ್ತಿಯಾರೆ?